ಜಪಾನಿ ಹತಾರದ ಪೆಟ್ಟಿಗೆಗೆ ಹಲಗೆ ಹದ ಮಾಡುವುದು: ಯಂತ್ರವೋ, ಕಬ್ಬಿಣದ ಉಜ್ಜುಗೊರಡೋ, ಕನ್ನಾವೋ?

ಜಪಾನಿನ ಬಡಗಿಗಳ ಹತಾರದ ಪೆಟ್ಟಿಗೆ, ಅವರ ಮಾತಿನಲ್ಲಿ ದೋಗುಬಾಕೊ, ಕಟ್ಟುವುದಕ್ಕೆ ಸರಳ. ಹಲ್ಲಿಗೆ ಹಲ್ಲು ಕೂರಿಸುವ ಡವ್‌ಟೇಲ್ ಜೋಡಣೆ ಇಲ್ಲ, ಕೀಲು-ತಿರುಪು ಇಲ್ಲ. ಹಲಗೆಗೆ ಹಲಗೆ ಕೂರಿಸಿ ಮೊಳೆ ಹೊಡೆಯುವುದಷ್ಟೇ. ಆದರೆ ಜೋಡಣೆ ಸರಳವಾದಷ್ಟೂ ಹಲಗೆಯ ದೋಷ ಮರೆಯಾಗುವ ಜಾಗ ಕಡಿಮೆ. ಅದೆಲ್ಲ ಮುಚ್ಚಳದಲ್ಲಿ ಬಯಲಾಗುತ್ತದೆ. ಮುಚ್ಚಳದ ಹಲಗೆ ಎರಡು ಪಕ್ಕಗಳ ನಡುವೆ ಇಳಿದು, ತನ್ನ ಮೇಲಿನ ಪಟ್ಟಿಗಳ ಆಧಾರದಲ್ಲಿ ನಿಂತು, ಎರಡೂ ತುದಿಯ ಅಡ್ಡಪಟ್ಟಿಗಳ ಅಡಿಗೆ ಜಾರಬೇಕು. ಆಮೇಲೆ ಒಂದು ಬೆಣೆ ಅದನ್ನು ಬಿಗಿಯಬೇಕು. ಎರಡು ಮಿಲಿಮೀಟರ್ ತಿರುಚಿದ್ದರೂ ಒಂದು ಮೂಲೆ ಎದ್ದು ನಿಲ್ಲುತ್ತದೆ, ಜಾರುವ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಹಲಗೆ ಹದ ಮಾಡುವ ಮೂರು ದಾರಿಗಳನ್ನು ಇಲ್ಲಿ ಹೋಲಿಸಿದ್ದೇವೆ: ಯಂತ್ರ, ಕಬ್ಬಿಣದ ಉಜ್ಜುಗೊರಡು, ಮತ್ತು ಕನ್ನಾ, ಅಂದರೆ ನೂಕದೆ ತನ್ನ ಕಡೆಗೆ ಎಳೆದು ಬಳಸುವ ಜಪಾನಿ ಮರದ ಉಜ್ಜುಗೊರಡು. ಹೋಲಿಕೆಗೆ ಇಟ್ಟುಕೊಂಡ ಅಳತೆ ಇದು: ಪೆಟ್ಟಿಗೆಯ ಉದ್ದ 750 ಮಿ.ಮೀ., ಹೊರಗಿನ ಅಗಲ 300, ಹಲಗೆಯ ದಪ್ಪ 18. ಗರಗಸದಿಂದ ಬಂದ ಒರಟು ಹಲಗೆ 25 ಮಿ.ಮೀ. ಇರಬೇಕು; ಅದಕ್ಕಿಂತ ತೆಳುವಾದರೆ ತಿರುಚು ತೆಗೆಯುವಷ್ಟರಲ್ಲಿ ಮರವೇ ಮುಗಿದಿರುತ್ತದೆ. ಜಪಾನಿನಲ್ಲಿ ಸುಗಿ (ಜಪಾನಿ ಸೀಡರ್) ಅಥವಾ ಹಿನೋಕಿ (ಜಪಾನಿ ಸೈಪ್ರೆಸ್) ಮರ ಬಳಸುತ್ತಾರೆ, ಎರಡೂ ಹಗುರ, ಮೃದು. ನಮ್ಮಲ್ಲಿ ಅದರ ಸ್ವಭಾವಕ್ಕೆ ಹತ್ತಿರದ್ದು ಪೈನ್. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕ್ ಕೂಡ ಆಗುತ್ತದೆ, ಆದರೆ ಅದರ ವರ್ತನೆಯೇ ಬೇರೆ. ಅದನ್ನು ಮುಂದೆ ಹೇಳುತ್ತೇವೆ.

ಮೊದಲು ಯಂತ್ರ. ಸಾ ಮಿಲ್‌ನ ಥಿಕ್ನೆಸ್ ಪ್ಲೇನರ್‌ಗೆ ಕೊಟ್ಟರೆ ಎಂಟು ಹತ್ತು ಹಲಗೆ ಅರ್ಧ ಗಂಟೆಯಲ್ಲಿ ಒಂದೇ ದಪ್ಪಕ್ಕೆ ಬರುತ್ತವೆ. ದಪ್ಪದ ಮಟ್ಟಿಗೆ ಇದನ್ನು ಕೈ ಮೀರಿಸುವುದಿಲ್ಲ. ತಪ್ಪು ತಿಳಿವಳಿಕೆ ಇರುವುದು ಇಲ್ಲೇ: ದಪ್ಪ ಸಮವಾದ ಹಲಗೆ ಸಪಾಟಾದ ಹಲಗೆಯಲ್ಲ. ಯಂತ್ರದ ರೋಲರ್‌ಗಳು ತಿರುಚಿದ ಹಲಗೆಯನ್ನು ಒತ್ತಿ ಹಿಡಿದು ಬ್ಲೇಡಿನಡಿ ನೂಕುತ್ತವೆ. ಹೊರಬಂದ ಕೂಡಲೇ ಅದು ಮೊದಲಿದ್ದ ತಿರುಚಿಗೇ ಮರಳುತ್ತದೆ, ಈಗ ನುಣುಪಾಗಿ. ಮೊದಲು ಜಾಯಿಂಟರ್‌ನಲ್ಲಿ ಒಂದು ಮುಖ ಸಪಾಟು ಮಾಡಬೇಕು. ಜಾಯಿಂಟರ್ ಇಲ್ಲದಿದ್ದರೆ ದಪ್ಪ ಪ್ಲೈವುಡ್ ಮೇಲೆ ಹಲಗೆ ಇಟ್ಟು, ಎದ್ದ ಮೂಲೆಗಳ ಕೆಳಗೆ ಅಲುಗದಂತೆ ಬೆಣೆ ಕೊಟ್ಟು, ಪ್ಲೈವುಡ್ ಸಮೇತ ಯಂತ್ರಕ್ಕೆ ಬಿಡಬೇಕು. ಇನ್ನೊಂದು ತೊಂದರೆ ತುದಿಗಳದು: ಹಲಗೆ ಒಂದೇ ರೋಲರ್‌ನ ಹಿಡಿತದಲ್ಲಿರುವಾಗ ತುದಿಯ 50–75 ಮಿ.ಮೀ. ಹೆಚ್ಚು ಆಳಕ್ಕೆ ಕೆತ್ತಿಹೋಗುತ್ತದೆ. ಆದ್ದರಿಂದ ಎರಡೂ ಕಡೆ 100 ಮಿ.ಮೀ. ಹೆಚ್ಚು ಉದ್ದ ಬಿಟ್ಟು ಕೊನೆಗೆ ಕತ್ತರಿಸುವುದು ಕ್ಷೇಮ. ಎರಡೂ ಮುಖಗಳಿಂದ ಸಮನಾಗಿ ಮರ ತೆಗೆಯಿರಿ. ಒಂದೇ ಕಡೆ 7 ಮಿ.ಮೀ. ತೆಗೆದರೆ ಒಳಗಿನ ಹಸಿ ಪದರ ಬಯಲಾಗಿ ಹಲಗೆ ಮರುದಿನವೇ ಬಾಗಬಹುದು.

ಕಬ್ಬಿಣದ ಉಜ್ಜುಗೊರಡು, ಹತಾರ ತಯಾರಿಸುವ ಸ್ಟಾನ್ಲಿ ಕಂಪನಿಯ ಎಣಿಕೆಯ 5ನೇ ನಂಬರ್: ಸುಮಾರು 14 ಇಂಚು ಉದ್ದ, 2 ಇಂಚಿನ ಬ್ಲೇಡು, 45 ಡಿಗ್ರಿ ಕೋನ. ಬ್ಲೇಡಿನ ಅಂಚನ್ನು 8–10 ಇಂಚು ತ್ರಿಜ್ಯದ ಬಾಗಿಗೆ ಮಸೆದು, ಹಲಗೆಗೆ ಅಡ್ಡಡ್ಡ, ಆಮೇಲೆ ಓರೆಯಾಗಿ ನೂಕಿದರೆ ದಪ್ಪ ಹೊಟ್ಟು ಬರುತ್ತದೆ, ಎಳೆ ಕಿತ್ತುಬರುವುದು ಕಡಿಮೆ. ತಿರುಚು ನೋಡಲು ಎರಡು ನೇರವಾದ ಸಮ ಎತ್ತರದ ಪಟ್ಟಿಗಳು ಸಾಕು. ಎರಡೂ ತುದಿಯಲ್ಲಿ ಒಂದೊಂದು ಇಟ್ಟು, ಹಿಂದಿನದನ್ನು ಮುಂದಿನದರ ಮೇಲಂಚಿನಿಂದ ನೋಡಿ. ಎತ್ತರ ಕಾಣುವ ಮೂಲೆಯಿಂದ ಅದರ ಕರ್ಣದ ಎದುರು ಮೂಲೆಯವರೆಗೆ ಮಾತ್ರ ಉಜ್ಜಿ. ಬೆವರು ಹರಿಯುತ್ತದೆ, ನಿಜ. ಆದರೆ ತಿರುಚನ್ನು ಬೇರು ಸಮೇತ ತೆಗೆಯುವುದು ಇದೇ. ಮಳೆಯಿರಲಿ ಬಿಸಿಲಿರಲಿ ಇದರ ತಳ ಬದಲಾಗುವುದಿಲ್ಲ ಎಂಬುದೂ ದೊಡ್ಡ ಅನುಕೂಲ.

ಕನ್ನಾದಲ್ಲಿ ಆ ಅನುಕೂಲವೇ ಇಲ್ಲ. ಓಕ್ ಮರದ ದಾಯಿ, ಅಂದರೆ ಬ್ಲೇಡು ಕೂರುವ ಮರದ ಮೈ, ಅದರಲ್ಲಿ ಸುಮಾರು 38–40 ಡಿಗ್ರಿಗೆ ಮಲಗಿದ, ಮೆದು ಕಬ್ಬಿಣಕ್ಕೆ ಗಟ್ಟಿ ಉಕ್ಕು ಬೆಸೆದ ದಪ್ಪ ಬ್ಲೇಡು. ಹತಾರಕ್ಕೆ ಹೆಸರಾದ ಜಪಾನಿನ ಸಾಂಜೋ ಅಥವಾ ಮಿಕಿ ಊರಿನಿಂದ ಬಂದ ಹೊಸ ಕನ್ನಾ ಬಯಲುಸೀಮೆಯ ಒಣ ಹವೆಗೆ ದಾಯಿ ಕುಗ್ಗಿ ಬ್ಲೇಡನ್ನು ಬಿಗಿಹಿಡಿಯುತ್ತದೆ. ಆಗ ಸುತ್ತಿಗೆಯಿಂದ ಬಲವಾಗಿ ಹೊಡೆದರೆ ದಾಯಿ ಸೀಳುತ್ತದೆ. ಬ್ಲೇಡಿನ ಹಿಂಬದಿಗೆ ಪೆನ್ಸಿಲ್ ಬಳಿದು, ಮೆಲ್ಲಗೆ ತಟ್ಟಿ ಕೂರಿಸಿ ತೆಗೆದು, ಕಪ್ಪು ಅಂಟಿದ ಜಾಗವನ್ನಷ್ಟೇ ಕೆರೆಯುತ್ತಾ ಹದಕ್ಕೆ ತರಬೇಕು. ತಳವೂ ಪೂರ್ತಿ ಸಪಾಟಲ್ಲ: ಕೊನೆಯ ಉಜ್ಜಿಗೆ ಮುಂತುದಿ ಮತ್ತು ಬಾಯಿಯ ಮುಂದಿನ ಗೆರೆ, ಈ ಎರಡೇ ಹಲಗೆಗೆ ತಾಗಬೇಕು, ಉಳಿದದ್ದು ಕೂದಲೆಳೆಯಷ್ಟು ತಗ್ಗು. ಇಷ್ಟೆಲ್ಲ ಆದಮೇಲೆ ಪೈನ್ ಮೇಲೆ ಎಳೆದರೆ ಬರುವ ಮೈ ಬೇರೆ ಯಾವ ವಿಧಾನಕ್ಕೂ ಸಿಗುವುದಿಲ್ಲ. ಉಪ್ಪುಕಾಗದವನ್ನು ಅದರ ಹತ್ತಿರವೂ ತರಬೇಡಿ. ತಿರುಚು ತೆಗೆಯಲು ಮಾತ್ರ ಅದೇ ಕನ್ನಾ ಬಳಸಬೇಡಿ. ಆ ಎರಡೇ ಆಧಾರದಿಂದ ಅದು ಹಲಗೆಯ ಉಬ್ಬುತಗ್ಗನ್ನೇ ಹಿಂಬಾಲಿಸುತ್ತದೆ. ಸಿಲ್ವರ್ ಓಕ್‌ನ ಅಗಲ ಹೊಳೆಯುವ ಕಿರಣಗಳ (ತಿರುಳಿನಿಂದ ತೊಗಟೆಯತ್ತ ಹರಡುವ ಪಟ್ಟೆಗಳ) ಮೇಲೆ ಈ ಕಡಿಮೆ ಕೋನ ಎಳೆ ಕೀಳುತ್ತದೆ. ಅಲ್ಲಿ 45 ಡಿಗ್ರಿಯ ಕಬ್ಬಿಣವೇ ಮೇಲು, ಬ್ಲೇಡಿನ ಮೇಲೆ ಕೂತು ಹೊಟ್ಟನ್ನು ಮುರಿಯುವ ಚಿಪ್‌ಬ್ರೇಕರ್ ತಗಡನ್ನು ಅಂಚಿಗೆ ಆದಷ್ಟು ಹತ್ತಿರ ತಂದುಕೊಂಡು.

ಕೈಯ ಎರಡೂ ವಿಧಾನಕ್ಕೆ ಉಜ್ಜುವ ದಿಕ್ಕು ತಿಳಿದಿರಲೇಬೇಕು. ಹಲಗೆಯ ಮೇಲಿನ ಕಮಾನಿನಂಥ ಗೆರೆಗಳ ಶಿಖರ ಮರದ ತಲೆಯ ಕಡೆ ತೋರುತ್ತದೆ. ತೊಗಟೆ ಕಡೆಯ ಮುಖವನ್ನು ತಲೆಯಿಂದ ಬುಡಕ್ಕೆ, ತಿರುಳಿನ ಕಡೆಯ ಮುಖವನ್ನು ಬುಡದಿಂದ ತಲೆಗೆ ಉಜ್ಜಬೇಕು. ಗಂಟಿನ ಸುತ್ತ ಈ ನಿಯಮ ಕೆಡುತ್ತದೆ. ಹಲಗೆ ಒಣಗಿದಾಗ ತೊಗಟೆ ಮುಖವೇ ತಗ್ಗುವುದರಿಂದ, ಪೆಟ್ಟಿಗೆಯ ಪಕ್ಕಗಳಲ್ಲಿ ತಿರುಳಿನ ಮುಖ ಹೊರಗೆ ಬರಲಿ. ಮೇಲಂಚು ಕೆಳಂಚು ಒಳಕ್ಕೆ ಒತ್ತಿ ಮೂಲೆಗಳು ಬಾಯಿ ಬಿಡುವುದಿಲ್ಲ.

ಒಂದನ್ನೇ ಕೊಳ್ಳುವ ಶಕ್ತಿಯಿದ್ದರೆ 5ನೇ ನಂಬರ್ ಕೊಳ್ಳಿ. ಯಂತ್ರ ಹತ್ತಿರವಿದ್ದರೆ ಮೊದಲು ಒಂದು ಮುಖವನ್ನು ಕೈಯಲ್ಲಿ ಸಪಾಟು ಮಾಡಿ, ಆ ಮುಖ ಕೆಳಗೆ ಬರುವಂತೆ ಯಂತ್ರಕ್ಕೆ ಕೊಟ್ಟು, ಬಳಿಕ ತಿರುವಿ ಎರಡೂ ಕಡೆ ತೆಗೆಯುತ್ತಾ 20 ಮಿ.ಮೀ.ಗೆ ತನ್ನಿ. ನಡುವೆ ಗಾಳಿಯಾಡುವ ಕಡ್ಡಿಗಳನ್ನಿಟ್ಟು ಒಂದು ವಾರ ಅಡಕಿಡಿ. ಆಮೇಲೆ ಹೊಸದಾಗಿ ಎದ್ದ ತಿರುಚನ್ನು ಕೈಯಲ್ಲಿ ತೆಗೆದು 18ಕ್ಕೆ ಇಳಿಸಿ. ಕನ್ನಾ ಇದ್ದರೆ ಕೊನೆಯ ಎರಡು ಎಳೆತ ಅದಕ್ಕೆ ಬಿಡಿ.

ಮುಚ್ಚಳದ ಅಗಲವನ್ನು ಎಲ್ಲಕ್ಕಿಂತ ಕೊನೆಗೆ ಇಳಿಸಿ. ತುದಿಹಲಗೆಗಳ ಎಳೆ ಅಡ್ಡಕ್ಕೆ ಓಡುವುದರಿಂದ ಪಕ್ಕಗಳ ನಡುವಿನ 264 ಮಿ.ಮೀ. ಹೆಚ್ಚುಕಡಿಮೆ ಬದಲಾಗುವುದಿಲ್ಲ, ಮುಚ್ಚಳ ಮಾತ್ರ ಮಳೆಗಾಲದಲ್ಲಿ ಹಿಗ್ಗುತ್ತದೆ. ಬೇಸಿಗೆಯಲ್ಲಿ ಕಟ್ಟುವುದಾದರೆ 260ಕ್ಕೆ, ಜಿಟಿಜಿಟಿ ಮಳೆಯಲ್ಲಾದರೆ 262ಕ್ಕೆ ನಿಲ್ಲಿಸಿ.