ಲೈನ್-ಹೈಟ್ ಯಾವ ಎಡಿಟರಿನಲ್ಲಿ ಉಳಿಯುತ್ತದೆ?

ಮುಂಬಯಿಯ ಸಂಘವೊಂದರ ವಾರ್ಷಿಕೋತ್ಸವದ ಆಮಂತ್ರಣ ಪುಟ. ಕನ್ನಡ, ಮರಾಠಿ ಎರಡೂ ಅದರಲ್ಲೇ. ಕನ್ನಡ ಪ್ಯಾರಾಗೆ ಎಚ್‌ಟಿಎಂಎಲ್‌ನ ಮೂರು ಗುಣ, ಅಂದರೆ ಭಾಷೆ ಹೇಳುವ ಲ್ಯಾಂಗ್ ‘ಕೆಎನ್’, ಸ್ಟೈಲ್‌ಶೀಟಿಗೆ ಗುರುತಾಗುವ ಒಂದು ಕ್ಲಾಸ್, ಸ್ಟೈಲಿನಲ್ಲಿ ಸಾಲಿನ ಎತ್ತರವಾದ ಲೈನ್-ಹೈಟ್ 1.8 ಕೊಟ್ಟು, ಇದೇ ತುಣುಕನ್ನು ಜಾಲಪುಟ ಬರೆಯುವ ನಾಲ್ಕು ಎಡಿಟರುಗಳಿಗೆ ಹಾಕಿ, ಉಳಿಸಿ, ಮತ್ತೆ ಸೋರ್ಸ್ ತೆರೆದು ನೋಡಿದೆವು. ಲೈನ್-ಹೈಟ್ ಹೋದರೆ ಒತ್ತಕ್ಷರಗಳು ಕೆಳಸಾಲಿಗೆ ತಾಗಬಹುದು, ಹಾಗಾಗಿ ಇದು ಬರೀ ಅಂದದ ಮಾತಲ್ಲ.

ಕ್ವಿಲ್: ಮೂರೂ ಹೋದವು. ಅದು ಪುಟವನ್ನು ಡೆಲ್ಟಾ ಎಂಬ ತನ್ನದೇ ದತ್ತಾಂಶ ರೂಪಕ್ಕೆ ತಿರುಗಿಸಿಕೊಳ್ಳುತ್ತದೆ. ನೋಂದಾಯಿಸದ ಗುಣಕ್ಕೆ ಅಲ್ಲಿ ಜಾಗವೇ ಇಲ್ಲ. ಕಾಮೆಂಟ್ ಪೆಟ್ಟಿಗೆಗೆ ಸಾಕು, ಪುಟಕ್ಕೆ ಬೇಡ.

ಸಿಕೆಎಡಿಟರ್ 4ರಲ್ಲಿ 4.1ನೇ ಆವೃತ್ತಿಯಿಂದ ಕಂಟೆಂಟ್ ಫಿಲ್ಟರ್ ಇದೆ. ಟೂಲ್‌ಬಾರಿನಲ್ಲಿ ಗುಂಡಿಯಿಲ್ಲದ ಗುಣವನ್ನು ಅದು ಕಿತ್ತುಹಾಕುತ್ತದೆ. ‘ಎಕ್ಸ್‌ಟ್ರಾ ಅಲೋಡ್ ಕಂಟೆಂಟ್’ ಸೆಟ್ಟಿಂಗಿನಲ್ಲಿ ಪ್ಯಾರಾದ ಟ್ಯಾಗ್ ‘ಪಿ’ ಬರೆದು, ಚೌಕ ಆವರಣದಲ್ಲಿ ಲ್ಯಾಂಗ್, ಪುಷ್ಪಾವರಣದಲ್ಲಿ ಲೈನ್-ಹೈಟ್, ದುಂಡಾವರಣದಲ್ಲಿ ಕ್ಲಾಸ್ ಸೇರಿಸಿದರೆ ಮೂರೂ ಉಳಿಯುತ್ತವೆ. ಆದರೆ 2023ರಲ್ಲಿ ಇದರ ಉಚಿತ ಆವೃತ್ತಿಯ ಬೆಂಬಲ ನಿಂತಿದೆ. ಹೊಸದಾಗಿ ಯಾರೂ ಹಾಕಿಕೊಳ್ಳಬೇಡಿ.

ಸಿಕೆಎಡಿಟರ್ 5 ಹೆಚ್ಚು ಅಪಾಯಕಾರಿ. ಯಾವ ಪ್ಲಗಿನ್ನಿಗೂ (ಎಡಿಟರಿಗೆ ಸೇರಿಸುವ ಹೆಚ್ಚುವರಿ ಭಾಗಕ್ಕೂ) ಅರ್ಥವಾಗದ ಗುಣ ಪುಟ ತೆರೆದ ಕ್ಷಣದಲ್ಲೇ ಕಳೆದಿರುತ್ತದೆ. ಹಳೆಯ ಪುಟದಲ್ಲಿ ಒಂದು ಅಲ್ಪವಿರಾಮ ತಿದ್ದಿ ಉಳಿಸಿದರೂ ಇಡೀ ಪುಟದ ಸ್ಟೈಲ್ ಹಾಳು. ‘ಜನರಲ್ ಎಚ್‌ಟಿಎಂಎಲ್ ಸಪೋರ್ಟ್’ ಪ್ಲಗಿನ್ ಸೇರಿಸಿ, ಅದರ ಅಲೋ ಪಟ್ಟಿಯಲ್ಲಿ ಪ್ಯಾರಾಗೆ ಈ ಮೂರನ್ನೂ ಬರೆಯಿರಿ. ಹಳೆಯ ಪುಟಗಳನ್ನು ತೆರೆಯುವ ಮೊದಲೇ ಇದಾಗಬೇಕು.

ಟೈನಿಎಂಸಿಇ ಸೋರ್ಸ್ ಕಿಟಕಿಯಲ್ಲಿ ಹಾಕಿದ ಮೂರನ್ನೂ ಏನೂ ಮಾಡದೆ ಉಳಿಸಿತು. ಆದರೆ ಕ್ರೋಮಿನಲ್ಲಿ ಬೇರೆ ಪುಟದಿಂದ ಪೇಸ್ಟ್ ಮಾಡಿದರೆ ಸ್ಟೈಲ್ ಬರುವುದಿಲ್ಲ. ‘ಪೇಸ್ಟ್ ವೆಬ್‌ಕಿಟ್ ಸ್ಟೈಲ್ಸ್’ ಸೆಟ್ಟಿಂಗ್ ಮೊದಲಿನಿಂದಲೇ ‘ನನ್’ (ಯಾವುದೂ ಬೇಡ) ಆಗಿರುವುದು ಕಾರಣ. ‘ವ್ಯಾಲಿಡ್ ಸ್ಟೈಲ್ಸ್’ ಪಟ್ಟಿ ಕೊಟ್ಟಿದ್ದರೆ ಅದರಲ್ಲಿಲ್ಲದ್ದೂ ಹೋಗುತ್ತದೆ. ಸಂಘದ ಕೆಲಸಕ್ಕೆ ನಮ್ಮ ಆಯ್ಕೆ ಇದೇ.

ಎಡಿಟರ್ ಸರಿಯಿದ್ದೂ ಸ್ಟೈಲ್ ಮಾಯವಾದರೆ ಸರ್ವರ್ ನೋಡಿ. ವರ್ಡ್‌ಪ್ರೆಸ್ಸಿನಲ್ಲಿ ಅಡ್ಮಿನ್ ಬರೆದಾಗ ಉಳಿದದ್ದು ‘ಆಥರ್’ ಖಾತೆಯಿಂದ ಉಳಿಸಿದಾಗ ಹೋಗಬಹುದು, ಏಕೆಂದರೆ ಆ ಖಾತೆಯ ಬರಹ ಅನುಮತಿಯಿಲ್ಲದ ಎಚ್‌ಟಿಎಂಎಲ್ ತೆಗೆಯುವ ಕೆಎಸ್‌ಇಎಸ್ ಸೋಸಣೆಯ ಮೂಲಕ ಹಾಯುತ್ತದೆ. ಸೋಸಿದ್ದೇ ಡೇಟಾಬೇಸಿಗೆ ಸೇರುವುದರಿಂದ ಕಳೆದದ್ದು ಮರಳುವುದಿಲ್ಲ.

ಯಾವ ಎಡಿಟರ್ ಇದ್ದರೂ ಲೈನ್-ಹೈಟನ್ನು ಪ್ಯಾರಾದೊಳಗಿಂದ ತೆಗೆದು, ಜಾಲತಾಣದ ಸ್ಟೈಲ್‌ಶೀಟಿನಲ್ಲಿ ‘ಲ್ಯಾಂಗ್ ಕೆಎನ್’ ಸೆಲೆಕ್ಟರಿಗೆ ಬರೆದಿಡಿ. ಆಮೇಲೆ ಎಡಿಟರ್ ಕಾಪಾಡಬೇಕಾದದ್ದು ಲ್ಯಾಂಗ್ ಒಂದನ್ನೇ. ಮರಾಠಿ ಪ್ಯಾರಾಗೆ ‘ಎಂಆರ್’ ಕೊಟ್ಟು ಬೇರೆ ಅಂತರ ಇಡಬಹುದು.