ರಾತ್ರಿ ಎರಡಕ್ಕೆ ಯಾರ ಮನೆಯ ಕಂಪ್ಯೂಟರ್ ಎದ್ದಿರುತ್ತದೆ? ನಿಗದಿತ ಸ್ಕ್ಯಾನ್‌ನ ನಾಲ್ಕು ದಾರಿಗಳು

ಆಂಟಿವೈರಸ್‌ಗಳನ್ನು ಹೋಲಿಸುವವರು ಸಾಮಾನ್ಯವಾಗಿ ಯಾವುದು ಎಷ್ಟು ವೈರಸ್ ಹಿಡಿಯಿತು ಎಂಬುದನ್ನು ನೋಡುತ್ತಾರೆ. ಅದಕ್ಕೆಂದೇ ಪ್ರಯೋಗಾಲಯಗಳಿವೆ, ಮನೆಯಲ್ಲಿ ಕುಳಿತು ಅಳೆಯುವ ಸಂಗತಿಯಲ್ಲ ಅದು. ನಾನು ನೋಡಿದ್ದು ಬೇರೆ. ವೇಳೆ ಗೊತ್ತುಮಾಡಿಟ್ಟ ಸ್ಕ್ಯಾನ್ ನಿಜಕ್ಕೂ ನಡೆಯುತ್ತದೆಯೇ? ನಡೆಯದಿದ್ದರೆ ಕಾರಣ ತಿಳಿಯುವ ದಾರಿ ಇದೆಯೇ? ನಡೆದಾಗ ಮನೆಯವರ ಕೆಲಸಕ್ಕೆ ಎಷ್ಟು ಅಡ್ಡಿಯಾಗುತ್ತದೆ?

ನಮ್ಮದು ಮಲೆನಾಡಿನ ಮನೆ. ಮಲಗುವ ಮುನ್ನ ಅಪ್ಪ ಗೋಡೆಯ ಸ್ವಿಚ್‌ಗಳನ್ನೆಲ್ಲ ಆರಿಸುತ್ತಾರೆ. ಗುಡುಗು ಶುರುವಾದರೆ ಪ್ಲಗ್ಗನ್ನೇ ಕೀಳುತ್ತಾರೆ. ಇನ್‌ವರ್ಟರ್ ಇದೆ, ಆದರೆ ಅದರ ಲೈನ್ ದೀಪ, ಫ್ಯಾನ್ ಮತ್ತು ಟಿವಿಯ ಮೂಲೆಗೆ ಮಾತ್ರ. ಯಂತ್ರಗಳು ಮೂರು: ಅಪ್ಪ ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡುವ ಹಳೆಯ ಹಾರ್ಡ್‌ಡಿಸ್ಕ್‌ನ ಡೆಸ್ಕ್‌ಟಾಪ್, ಮಗಳ ಕಾಲೇಜಿನ ವಿಂಡೋಸ್ 11 ಹೋಮ್ ಲ್ಯಾಪ್‌ಟಾಪ್, ಮತ್ತು ಲಿನಕ್ಸ್ ಹಾಕಿ ಉಳಿಸಿಕೊಂಡ ಇನ್ನೊಂದು ಮುದಿ ಲ್ಯಾಪ್‌ಟಾಪ್. ಯಾವುದನ್ನೂ ರಾತ್ರಿಯಿಡೀ ಚಾಲೂ ಇಡುವ ಪದ್ಧತಿ ನಮ್ಮಲ್ಲಿಲ್ಲ. ಹೋಲಿಕೆಯ ತೀರ್ಪು ನಿಂತಿರುವುದು ಇದರ ಮೇಲೆಯೇ.

ಮೊದಲ ದಾರಿ: ಡಿಫೆಂಡರನ್ನು ಅದರ ಪಾಡಿಗೆ ಬಿಡುವುದು

ವಿಂಡೋಸ್ 10 ಮತ್ತು 11ರ ಜೊತೆಯಲ್ಲೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಹಣ ಕೇಳುವುದಿಲ್ಲ, ಏನನ್ನೂ ಹೇಳಿಕೊಡಬೇಕಾಗಿಲ್ಲ. ಅದರ ನಿಗದಿತ ಸ್ಕ್ಯಾನ್ ವಿಂಡೋಸ್‌ನ ಸ್ವಯಂಚಾಲಿತ ನಿರ್ವಹಣೆಯ ಭಾಗ. ಆ ನಿರ್ವಹಣೆಗೆ ಮೂಲದಲ್ಲಿ ಇಟ್ಟ ವೇಳೆ ರಾತ್ರಿ ಎರಡು ಗಂಟೆ. ಆಗ ಯಂತ್ರ ಆರಿದ್ದರೆ ಕೆಲಸ ತಪ್ಪಿಯೇ ಹೋಗುವುದಿಲ್ಲ. ಮುಂದೆ ಯಂತ್ರ ಚಾಲೂ ಇದ್ದು, ಯಾರೂ ಮುಟ್ಟದೆ ಸುಮ್ಮನಿರುವಾಗ ನಡೆಸಲು ನೋಡುತ್ತದೆ. ಕಚೇರಿಯ ಮೇಜಿಗೆ ಇದು ಹೇಳಿ ಮಾಡಿಸಿದ ವ್ಯವಸ್ಥೆ. ಕೆಲಸವಿದ್ದಾಗ ಹಾಕಿ ಮುಗಿದೊಡನೆ ಆರಿಸುವ ಮನೆಗಳಲ್ಲಿ ಆ ‘ಸುಮ್ಮನಿರುವ’ ಹೊತ್ತೇ ಬರುವುದಿಲ್ಲ.

ನಡೆದಿದೆಯೇ ಎಂದು ನೋಡಲು ವಿಂಡೋಸ್ ಸೆಕ್ಯುರಿಟಿಯ ಹಸಿರು ಗುರುತನ್ನು ನಂಬಬೇಡಿ. ಅದು ಒಟ್ಟಾರೆ ರಕ್ಷಣೆ ಚಾಲೂ ಇದೆ ಎನ್ನುತ್ತದೆ, ಅಷ್ಟೇ. ಆದೇಶಗಳನ್ನು ಬೆರಳಚ್ಚಿಸಿ ಕೊಡುವ ಕಿಟಕಿಯಾದ ಪವರ್‌ಶೆಲ್ ತೆರೆದು ‘ಗೆಟ್-ಎಂಪಿಕಂಪ್ಯೂಟರ್‌ಸ್ಟೇಟಸ್’ ಆದೇಶ ಕೊಟ್ಟರೆ ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ಕ್ವಿಕ್ ಸ್ಕ್ಯಾನ್ ಏಜ್, ಫುಲ್ ಸ್ಕ್ಯಾನ್ ಏಜ್ ಎಂಬ ಎರಡು ಸಾಲುಗಳಿವೆ: ಕೊನೆಯ ಸ್ಕ್ಯಾನ್ ಆಗಿ ಎಷ್ಟು ದಿನವಾಯಿತು ಎಂಬ ಲೆಕ್ಕ. ಕ್ವಿಕ್ ಎಂದರೆ ವೈರಸ್ ಸಾಮಾನ್ಯವಾಗಿ ಅಡಗುವ ಜಾಗಗಳಷ್ಟೇ, ಫುಲ್ ಎಂದರೆ ಇಡೀ ಡಿಸ್ಕ್. ಮಗಳ ಲ್ಯಾಪ್‌ಟಾಪಿನಲ್ಲಿ ಎರಡನೆಯ ಸಾಲಿನ ಮುಂದೆ 4294967295 ಎಂದಿತ್ತು. ಅಷ್ಟು ದಿನಗಳ ಹಿಂದೆ ಕಂಪ್ಯೂಟರ್ ಇರಲಿ, ಮನುಷ್ಯನೂ ಇರಲಿಲ್ಲ! ಒಮ್ಮೆಯೂ ನಡೆದಿಲ್ಲ ಎಂಬುದನ್ನು ಡಿಫೆಂಡರ್ ಹೇಳುವ ರೀತಿ ಅದು; 32 ಬಿಟ್‌ಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ. ಅದನ್ನು ಕಂಡು ಗಾಬರಿ ಬೇಡ. ಕ್ಷಣಕ್ಷಣದ ರಕ್ಷಣೆ ಚಾಲೂ ಇದ್ದರೆ ನಿತ್ಯದ ಸ್ಕ್ಯಾನ್‌ಗೆ ಕ್ವಿಕ್ ಸ್ಕ್ಯಾನ್ ಸಾಕು ಎಂದು ಮೈಕ್ರೋಸಾಫ್ಟ್ ಕೂಡ ಹೇಳುತ್ತದೆ. ನೋಡಬೇಕಾದದ್ದು ಕ್ವಿಕ್ ಸ್ಕ್ಯಾನ್ ಸಾಲು. ಆ ಸಂಖ್ಯೆ ಬೆಳೆಯುತ್ತಲೇ ಹೋಗುತ್ತಿದ್ದರೆ ನಿಮ್ಮ ಯಂತ್ರಕ್ಕೆ ಬಿಡುವು ಸಿಗುತ್ತಿಲ್ಲ ಎಂದರ್ಥ.

ತಪ್ಪಿದ ಸ್ಕ್ಯಾನನ್ನು ಲಾಗಿನ್ ಆದಾಗ ನಡೆಸುವ ಏರ್ಪಾಡು ಡಿಫೆಂಡರಿನಲ್ಲಿಯೇ ಇದೆ, ಆದರೆ ಮೂಲದಲ್ಲಿ ಅದು ಆರಿರುತ್ತದೆ. ಆಯ್ಕೆಯ ಹೆಸರೇ ‘ಡಿಸೇಬಲ್ ಕ್ಯಾಚಪ್ ಕ್ವಿಕ್ ಸ್ಕ್ಯಾನ್’, ಅದರ ಬೆಲೆ ‘ಟ್ರೂ’. ಬೇಕಿದ್ದರೆ ‘ಫಾಲ್ಸ್’ ಮಾಡಬೇಕು. ಬೇಡ ಎಂಬುದನ್ನು ಬೇಡ ಎನ್ನುವ ಈ ಜಾಣ್ಮೆ ಯಾರದ್ದೋ! ಫಾಲ್ಸ್ ಮಾಡಿದರೂ ಸತತ ಎರಡು ಸರದಿ ತಪ್ಪಿದ ಮೇಲೆಯೇ ಅದು ಎದ್ದೇಳುವುದು. ಇಂಥ ಆಯ್ಕೆಗಳನ್ನು ಪರದೆಯ ಮೇಲೆ ಬದಲಿಸುವ ಗ್ರೂಪ್ ಪಾಲಿಸಿ ಎಡಿಟರ್ ಹೋಮ್ ಆವೃತ್ತಿಯಲ್ಲಿ ಇಲ್ಲದ ಕಾರಣ ಇದನ್ನೆಲ್ಲ ಪವರ್‌ಶೆಲ್‌ನಲ್ಲಿಯೇ, ಅಡ್ಮಿನಿಸ್ಟ್ರೇಟರ್ ಆಗಿ ಮಾಡಬೇಕು.

ಎರಡನೆಯ ದಾರಿ: ಅದೇ ಡಿಫೆಂಡರ್, ವೇಳಾಪಟ್ಟಿ ನಮ್ಮದು

ನನಗೆ ಒಗ್ಗಿದ್ದು ಇದು. ಗೊತ್ತುಮಾಡಿದ ವೇಳೆಗೆ ಕೆಲಸಗಳನ್ನು (ಟಾಸ್ಕ್) ಓಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಮೈಕ್ರೋಸಾಫ್ಟ್, ವಿಂಡೋಸ್, ವಿಂಡೋಸ್ ಡಿಫೆಂಡರ್ ಎಂಬ ಫೋಲ್ಡರುಗಳ ಒಳಗೆ ಸ್ಕ್ಯಾನ್‌ನ ಟಾಸ್ಕ್ ಮೊದಲೇ ಇದೆ. ಅದನ್ನೇ ತಿದ್ದುವವರಿದ್ದಾರೆ. ನಾನು ಅದನ್ನು ಮುಟ್ಟದೆ ಪ್ರತ್ಯೇಕ ಟಾಸ್ಕ್ ಮಾಡಿದೆ: ವಾರದಲ್ಲಿ ಮೂರು ದಿನ, ಮಧ್ಯಾಹ್ನ ಒಂದೂವರೆಗೆ, ಎಲ್ಲರೂ ಊಟಕ್ಕೆ ಕುಳಿತಿರುವ ಹೊತ್ತಿಗೆ. ಪ್ರೋಗ್ರಾಂ ಜಾಗದಲ್ಲಿ ಪ್ರೋಗ್ರಾಂ ಫೈಲ್ಸ್‌ನ ವಿಂಡೋಸ್ ಡಿಫೆಂಡರ್ ಫೋಲ್ಡರಿನಲ್ಲಿರುವ, ಡಿಫೆಂಡರನ್ನು ಆದೇಶ ಕೊಟ್ಟು ನಡೆಸುವ ಎಂಪಿಸಿಎಂಡಿರನ್ ಕಡತ, ಅದರ ಕೆಳಗಿನ ಆರ್ಗ್ಯುಮೆಂಟ್ಸ್ ಜಾಗದಲ್ಲಿ ‘-ಸ್ಕ್ಯಾನ್ -ಸ್ಕ್ಯಾನ್‌ಟೈಪ್ 1’, ಇಂಗ್ಲಿಷ್ ಅಕ್ಷರಗಳಲ್ಲಿ. 1 ಎಂದರೆ ಕ್ವಿಕ್, 2 ಎಂದರೆ ಫುಲ್, 3 ಎಂದರೆ ನಾವು ಹೇಳಿದ ಫೋಲ್ಡರ್ ಮಾತ್ರ.

ಪ್ರೋಗ್ರಾಂಡೇಟಾ ಒಳಗೆ ಪ್ಲಾಟ್‌ಫಾರ್ಮ್ ಎಂಬ ಫೋಲ್ಡರಿನಲ್ಲಿಯೂ ಅದೇ ಕಡತದ ಹೊಸ ಪ್ರತಿ ಇರುತ್ತದೆ. ಹೊಸದಲ್ಲವೇ ಎಂದು ಆ ವಿಳಾಸ ಕೊಟ್ಟರೆ ಕೆಲವು ವಾರ ಚೆನ್ನಾಗಿ ನಡೆಯುತ್ತದೆ. ಆ ವಿಳಾಸದಲ್ಲಿ ಆವೃತ್ತಿಯ ಸಂಖ್ಯೆಯೇ ಫೋಲ್ಡರಿನ ಹೆಸರು. ಅಪ್‌ಡೇಟ್‌ಗಳು ಬಂದು ಹಳೆಯ ಫೋಲ್ಡರ್ ಅಳಿಸಿಹೋದ ದಿನದಿಂದ ಟಾಸ್ಕ್ ಮೌನವಾಗಿ ಸೋಲುತ್ತದೆ, ‘ಲಾಸ್ಟ್ ರನ್ ರಿಸಲ್ಟ್’ ಅಂಕಣದಲ್ಲಿ 80070002 ಎಂದು ಬರುತ್ತದೆ. ಕಡತ ಸಿಗಲಿಲ್ಲ ಎಂದು ಅದರ ಅರ್ಥ. ಪ್ರೋಗ್ರಾಂ ಫೈಲ್ಸ್‌ನ ಪ್ರತಿ ಎಲ್ಲಿಗೂ ಹೋಗುವುದಿಲ್ಲ.

ಈ ದಾರಿಯ ಮೇಲುಗೈ ಇರುವುದೇ ಈ ಅಂಕಣದಲ್ಲಿ. ಸೊನ್ನೆ ಬಂದರೆ ಆಯಿತು. 41303 ಬಂದರೆ ಟಾಸ್ಕ್ ಇನ್ನೂ ಒಮ್ಮೆಯೂ ಓಡಿಲ್ಲ. 41301 ಬಂದರೆ ಈಗ ಓಡುತ್ತಿದೆ. ನಮ್ಮ ಲ್ಯಾಪ್‌ಟಾಪಿನಲ್ಲಿ ಮಳೆಗಾಲವಿಡೀ ಬರುತ್ತಿದ್ದದ್ದು 41306: ಬಳಕೆದಾರರು ನಿಲ್ಲಿಸಿದ್ದಾರೆ ಎಂಬ ಆರೋಪ. ಮಗಳು ಮುಟ್ಟಿಲ್ಲ ಎನ್ನುತ್ತಾಳೆ, ಶೆಡ್ಯೂಲರ್ ಯಾರೋ ನಿಲ್ಲಿಸಿದರು ಎನ್ನುತ್ತದೆ. ಇಬ್ಬರ ಮಾತೂ ಸರಿ. ಹೊಸ ಟಾಸ್ಕ್ ಮಾಡಿದಾಗ ‘ಕಂಡಿಷನ್ಸ್’ ಪುಟದಲ್ಲಿ ಎರಡು ಚೌಕಗಳಿಗೆ ಮೊದಲೇ ಗುರುತು ಬಿದ್ದಿರುತ್ತದೆ. ಒಂದು, ಗೋಡೆಯ ವಿದ್ಯುತ್ ಇದ್ದರೆ ಮಾತ್ರ ಆರಂಭಿಸು. ಇನ್ನೊಂದು, ಬ್ಯಾಟರಿಗೆ ಬದಲಾದರೆ ನಿಲ್ಲಿಸು. ಮಗಳ ಮೇಜಿನ ಸಾಕೆಟ್ ಇನ್‌ವರ್ಟರ್ ಲೈನಿನಲ್ಲಿಲ್ಲ. ಮಧ್ಯಾಹ್ನ ವಿದ್ಯುತ್ ಹೋದಾಗ ತಲೆಯ ಮೇಲೆ ಫ್ಯಾನ್ ತಿರುಗುತ್ತಲೇ ಇರುತ್ತದೆ, ಹೋಗಿದ್ದು ಯಾರಿಗೂ ಗೊತ್ತಾಗುವುದಿಲ್ಲ, ಲ್ಯಾಪ್‌ಟಾಪ್ ಮಾತ್ರ ಬ್ಯಾಟರಿಗೆ ಇಳಿದು ಸ್ಕ್ಯಾನನ್ನು ಕೈಬಿಡುತ್ತದೆ. ಎರಡನೆಯ ಗುರುತನ್ನು ತೆಗೆದೆ, ಮೊದಲನೆಯದನ್ನು ಉಳಿಸಿದೆ. ಮುಕ್ಕಾಲು ದಾರಿಯಲ್ಲಿರುವ ಕ್ವಿಕ್ ಸ್ಕ್ಯಾನ್ ಬ್ಯಾಟರಿಯ ಮೇಲೆ ಮುಗಿದರೆ ನಷ್ಟವೇನಿಲ್ಲ. ಅಂದಹಾಗೆ, ಡೆಸ್ಕ್‌ಟಾಪಿಗೆ ಯುಪಿಎಸ್ ಇಟ್ಟು ಅದರ ಯುಎಸ್‌ಬಿ ತಂತಿಯನ್ನು ಜೋಡಿಸಿದವರಿಗೂ ಈ ಮಾತು ಅನ್ವಯಿಸುತ್ತದೆ. ವಿಂಡೋಸ್ ಕಣ್ಣಿಗೆ ಆ ಯುಪಿಎಸ್ ಕೂಡ ಬ್ಯಾಟರಿಯೇ.

ಮುಂದಿನ ‘ಸೆಟ್ಟಿಂಗ್ಸ್’ ಪುಟದಲ್ಲಿ ಒಂದು ಚೌಕವಿದೆ: ವೇಳೆ ತಪ್ಪಿದ್ದರೆ ಆದಷ್ಟು ಬೇಗ ಓಡಿಸು. ನನ್ನ ಲೆಕ್ಕದಲ್ಲಿ ಇಡೀ ವ್ಯವಹಾರದ ಅತಿ ಮುಖ್ಯ ಚೌಕ ಅದು, ಆದರೆ ಮೂಲದಲ್ಲಿ ಖಾಲಿ ಇರುತ್ತದೆ. ಗುರುತು ಹಾಕಿದ ಮೇಲೆ ಊಟದ ಹೊತ್ತಿಗೆ ಯಂತ್ರ ಆರಿದ್ದರೂ ಸಂಜೆ ಹಾಕಿದಾಗ ಸ್ಕ್ಯಾನ್ ಆಗುತ್ತದೆ. ‘ಕಂಪ್ಯೂಟರನ್ನು ಎಬ್ಬಿಸು’ ಎಂಬ ಇನ್ನೊಂದು ಆಯ್ಕೆ ಆಕರ್ಷಕವಾಗಿ ಕಾಣುತ್ತದೆ. ಅದು ಎಬ್ಬಿಸುವುದು ಮಲಗಿದ ಯಂತ್ರವನ್ನು, ಪೂರ್ತಿ ಆರಿಸಿದ್ದನ್ನಲ್ಲ. ಅಪ್ಪನ ಸ್ವಿಚ್ಚಿನ ಮುಂದೆ ಅದರ ಆಟ ನಡೆಯದು.

ಯಾವ ಖಾತೆಯ ಹೆಸರಿನಲ್ಲಿ ಓಡಬೇಕು ಎಂಬುದೂ ತಲೆನೋವು ತರಬಹುದು. ‘ಬಳಕೆದಾರರು ಲಾಗಿನ್ ಆಗಿರಲಿ ಬಿಡಲಿ’ ಎಂಬುದನ್ನು ಆರಿಸಿದರೆ ಪಾಸ್‌ವರ್ಡ್ ಕೇಳುತ್ತದೆ. ಅಪ್ಪನ ಖಾತೆಗೆ ಪಾಸ್‌ವರ್ಡೇ ಇಲ್ಲ. ಖಾಲಿ ಪಾಸ್‌ವರ್ಡಿನ ಖಾತೆಗೆ ವಿಂಡೋಸ್ ಈ ಸವಲತ್ತನ್ನು ಕೊಡುವುದಿಲ್ಲ. ಬಳಕೆದಾರರ ಜಾಗದಲ್ಲಿ ‘ಸಿಸ್ಟಂ’ ಎಂದು ಕೊಟ್ಟರೆ ಪಾಸ್‌ವರ್ಡಿನ ಪ್ರಶ್ನೆ ಇಲ್ಲ, ಪರದೆಯ ಮೇಲೆ ಕಪ್ಪು ಕಿಟಕಿ ಹಾರಿಬಂದು ಅಪ್ಪ ಬೆಚ್ಚುವುದೂ ಇಲ್ಲ.

ಟಾಸ್ಕ್ ಓಡಿದೆ ಎಂದಮಾತ್ರಕ್ಕೆ ಸ್ಕ್ಯಾನ್ ಮುಗಿಯಿತು ಎನ್ನಲಾಗದು. ನಡೆದದ್ದನ್ನು ವಿಂಡೋಸ್ ಬರೆದಿಟ್ಟ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ವಿಂಡೋಸ್ ಡಿಫೆಂಡರಿನ ‘ಆಪರೇಷನಲ್’ ದಾಖಲೆ ತೆರೆಯಿರಿ. ಅಲ್ಲಿನ ಇವೆಂಟ್ ಸಂಖ್ಯೆ 1000 ಎಂದರೆ ಶುರುವಾಯಿತು, 1001 ಎಂದರೆ ಮುಗಿಯಿತು, 1002 ಎಂದರೆ ನಡುವೆ ನಿಂತಿತು, 1005 ಎಂದರೆ ವಿಫಲವಾಯಿತು. 1000ದ ನಂತರ ಏನೂ ಇಲ್ಲದಿದ್ದರೆ ಯಾರೋ ಸ್ವಿಚ್ ಆರಿಸಿದ್ದಾರೆ.

ಮೂರನೆಯ ದಾರಿ: ಅಂಗಡಿಯವರು ಹಾಕಿಕೊಟ್ಟದ್ದು

ಡೆಸ್ಕ್‌ಟಾಪಿಗೆ ಅದನ್ನು ಜೋಡಿಸಿದ ಅಂಗಡಿಯವರು ವರ್ಷದ ಲೈಸೆನ್ಸಿನ ಒಂದು ಆಂಟಿವೈರಸ್ ಹಾಕಿಕೊಟ್ಟಿದ್ದರು. ಹೆಸರು ಬೇಡ. ವೇಳಾಪಟ್ಟಿಯ ಪುಟ ಮಾತ್ರ ಮೆಚ್ಚುವಂತಿತ್ತು: ದಿನ, ಗಂಟೆ, ತಪ್ಪಿದರೆ ಮುಂದಿನ ಸಲ ಹಾಕಿದಾಗ ನಡೆಸಬೇಕೇ, ಮುಗಿದ ಮೇಲೆ ಯಂತ್ರವನ್ನು ಆರಿಸಬೇಕೇ, ಎಲ್ಲವೂ ಒಂದೇ ಪುಟದಲ್ಲಿ. ಪವರ್‌ಶೆಲ್ ಎಂದರೆ ಹೆದರುವವರಿಗೆ ಇದೇ ದೊಡ್ಡ ಸಮಾಧಾನ. ತಪ್ಪದೆ ಓಡುವ ಪರೀಕ್ಷೆಯಲ್ಲಿ ಇದು ಮೊದಲ ದಾರಿಯನ್ನು ಸೋಲಿಸಿತು, ಎರಡನೆಯದಕ್ಕೆ ಸರಿಸಮವಾಗಿ ನಿಂತಿತು.

ಸೋತದ್ದು ಅಡ್ಡಿಯ ಪರೀಕ್ಷೆಯಲ್ಲಿ. ತಪ್ಪಿದ ಫುಲ್ ಸ್ಕ್ಯಾನನ್ನು ಅದು ಯಂತ್ರ ಹಾಕಿದೊಡನೆಯೇ ಶುರುಮಾಡುತ್ತಿತ್ತು. ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು ಅಂಕಣ ಆರಾಮವಾಗಿದ್ದರೂ ಡಿಸ್ಕ್ ಅಂಕಣ ನೂರಕ್ಕೆ ಅಂಟಿಕೊಂಡಿರುತ್ತಿತ್ತು. ಅಪ್ಪ ‘ಕ’ ಒತ್ತಿದರೆ ಅದು ಪರದೆಯ ಮೇಲೆ ಮೂಡುವಷ್ಟರಲ್ಲಿ ಮುಂದಿನ ಶಬ್ದ ಮರೆತುಹೋಗುತ್ತಿತ್ತು. ಹಳೆಯ ಹಾರ್ಡ್‌ಡಿಸ್ಕ್‌ಗೆ ಫುಲ್ ಸ್ಕ್ಯಾನ್ ಎಂದರೆ ಮುದುಕರನ್ನು ಬೆಟ್ಟ ಹತ್ತಿಸಿದಂತೆ, ಯಾವ ಕಂಪನಿಯದ್ದಾದರೂ ಅಷ್ಟೇ. ಡಿಫೆಂಡರಿನಲ್ಲಿ ಸಿಪಿಯು ಬಳಕೆಗೆ ಸರಾಸರಿ ಮಿತಿ ಇದೆ, ಮೂಲದಲ್ಲಿ ಶೇ 50, ಕಡಿಮೆ ಮಾಡಬಹುದು. ಆದರೆ ಬಿಗಿಯುತ್ತಿರುವುದು ಡಿಸ್ಕ್ ಆಗಿರುವಾಗ ಸಿಪಿಯು ಮಿತಿಯಿಂದ ಸಿಗುವ ಪ್ರಯೋಜನ ಅಷ್ಟಕ್ಕಷ್ಟೇ. ಹಾರ್ಡ್‌ಡಿಸ್ಕ್ ಬದಲು ವೇಗದ ಎಸ್‌ಎಸ್‌ಡಿ ಹಾಕಿಸುವುದು ಯಾವ ಸೆಟ್ಟಿಂಗ್‌ಗಿಂತಲೂ ಒಳ್ಳೆಯ ಮದ್ದು. ಸ್ಕ್ಯಾನ್ ಬೇಗ ಮುಗಿಯಲೆಂದು ಡೌನ್‌ಲೋಡ್ಸ್ ಫೋಲ್ಡರನ್ನೇ ಹೊರಗಿಡುವವರನ್ನು ನೋಡಿದ್ದೇನೆ. ಹಾಗಾದರೆ ಸ್ಕ್ಯಾನ್ ಮಾಡುವುದು ಯಾವುದನ್ನು?

ಇನ್ನೊಂದು ತೊಡಕು ಲೈಸೆನ್ಸ್ ಮುಗಿಯುವ ಹೊತ್ತಿನದು. ಹೊರಗಿನ ಆಂಟಿವೈರಸ್ ನೆಲೆಸಿದರೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಆಗಾಗ ಒಂದು ಸ್ಕ್ಯಾನ್ ಡಿಫೆಂಡರಿನದ್ದೂ ಇರಲಿ ಎನ್ನುವವರಿಗೆ ‘ಪೀರಿಯಾಡಿಕ್ ಸ್ಕ್ಯಾನಿಂಗ್’ ಎಂಬ ಆಯ್ಕೆ 2016ರ ವಿಂಡೋಸ್ 10 ಅಪ್‌ಡೇಟ್‌ನಿಂದ ಇದೆ. ಅದನ್ನು ಹಾಕಿಕೊಂಡೆ; ಹಳೆಯ ಡಿಸ್ಕ್‌ಗೆ ಎರಡೆರಡು ಯಜಮಾನರಾದರು. ನವೀಕರಣದ ಪಾಪ್‌ಅಪ್‌ಗಳು ಅಪ್ಪನ ತಾಳ್ಮೆಯನ್ನು ಮುಗಿಸಿದ ಮೇಲೆ ಅಂಗಡಿಯವರ ಆಂಟಿವೈರಸನ್ನು ತೆಗೆದು ಎರಡನೆಯ ದಾರಿಗೆ ಬಂದೆವು. ತೆಗೆದ ಮೇಲೆ ಡಿಫೆಂಡರ್ ಮರಳಿ ಚಾಲೂ ಆಗಿದೆಯೇ ಎಂದು ಆ ಪವರ್‌ಶೆಲ್ ಪಟ್ಟಿಯ ‘ರನ್ನಿಂಗ್ ಮೋಡ್’ ಸಾಲಿನಲ್ಲಿ ನೋಡಿಕೊಳ್ಳಿ. ‘ನಾರ್ಮಲ್’ ಎಂದಿರಬೇಕು.

ಈ ಡೆಸ್ಕ್‌ಟಾಪಿನ ಇನ್ನೊಂದು ಕಾಯಿಲೆಗೂ ಆಂಟಿವೈರಸ್‌ಗೂ ಸಂಬಂಧವಿರಲಿಲ್ಲ. ಸ್ವಿಚ್ ಆರಿಸಿ ಹಾಕಿದಾಗಲೆಲ್ಲ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತಿತ್ತು. ತಾರೀಖೇ ತಪ್ಪಿದ ಮೇಲೆ ಯಾವ ವೇಳಾಪಟ್ಟಿ ನಿಲ್ಲುತ್ತದೆ? ಭದ್ರತಾ ಪ್ರಮಾಣಪತ್ರಗಳ ತಾರೀಖು ಹೊಂದದೆ ಅಪ್‌ಡೇಟ್ ಕೂಡ ಇಳಿಯುವುದಿಲ್ಲ. ಮದರ್‌ಬೋರ್ಡಿನ ಮೇಲಿನ ಸಿಆರ್2032 ಗುಂಡಿ ಬ್ಯಾಟರಿ ಸತ್ತಿತ್ತು. ಕೈಗಡಿಯಾರದ ಅಂಗಡಿಯಲ್ಲಿ ಸಿಕ್ಕಿತು, ಬದಲಿಸಿದೆ, ಮುಗಿಯಿತು.

ನಾಲ್ಕನೆಯದು: ಲಿನಕ್ಸ್, ಕ್ಲಾಮ್‌ಎವಿ

ಇದನ್ನು ಹೆಚ್ಚು ಎಳೆಯುವುದಿಲ್ಲ. ಕ್ಲಾಮ್‌ಎವಿ ಎಂಬ ಆಂಟಿವೈರಸ್ ಮುಕ್ತ ತಂತ್ರಾಂಶ, ಉಚಿತ, ವೇಳಾಪಟ್ಟಿಗೆ ಲಿನಕ್ಸ್‌ನ ಕ್ರಾನ್. ಕ್ರಾನ್ ಶಿಸ್ತಿನದು, ಆದರೆ ಆ ಗಳಿಗೆಗೆ ಯಂತ್ರ ಆರಿದ್ದರೆ ಸರದಿ ಹೋದಂತೆಯೇ. ತಪ್ಪಿದ್ದನ್ನು ನೆನಪಿಟ್ಟು ನಡೆಸುವುದು ಅನಾಕ್ರಾನ್. ಮನೆಗೆ ಬೇಕಾದದ್ದು ಅದು. ಉಬುಂಟುವಿನಲ್ಲಿ ಸಾಮಾನ್ಯವಾಗಿ ಅದೂ ಬ್ಯಾಟರಿಯ ಮೇಲೆ ಶುರುವಾಗದು, ಅಂದರೆ ಇನ್‌ವರ್ಟರ್ ಲೈನಿನ ಕಥೆ ಇಲ್ಲಿಯೂ ತಪ್ಪಿದ್ದಲ್ಲ. ವೈರಸ್ ಗುರುತುಗಳ ಪಟ್ಟಿಯನ್ನು ಹೊತ್ತುಕೊಳ್ಳಲು ಕ್ಲಾಮ್‌ಎವಿಗೆ ಒಂದು ಜಿಬಿಗೂ ಹೆಚ್ಚು ರ‍್ಯಾಮ್ ಬೇಕು, ನಮ್ಮ ಮುದಿ ಲ್ಯಾಪ್‌ಟಾಪಿನಲ್ಲಿ ಇರುವುದೇ ಎರಡು. ಸಿಕ್ಕಿದ ಕಡತವನ್ನು ತಾನಾಗಿ ಅಳಿಸುವುದಿಲ್ಲ, ವರದಿ ಮಾತ್ರ ಕೊಡುತ್ತದೆ. ನನಗೆ ಅದು ಇಷ್ಟ, ಅಪ್ಪನಿಗೆ ಕೊಡಲಾರೆ.

ಪೆನ್‌ಡ್ರೈವ್‌ಗೆ ಮಾತ್ರ ಆ ಯಂತ್ರವನ್ನು ಉಳಿಸಿಕೊಂಡಿದ್ದೇವೆ. ಜೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವ್‌ನಲ್ಲಿ ವೈರಸ್ ತಗುಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್‌ಗಳಾಗಿ ಕುಳಿತಿರುವುದನ್ನು ನೋಡದ ಮನೆ ನಮ್ಮ ಕಡೆ ಕಡಿಮೆ. ಡಿಫೆಂಡರಿನ ಫುಲ್ ಸ್ಕ್ಯಾನ್ ಕೂಡ ಮೂಲದಲ್ಲಿ ಪೆನ್‌ಡ್ರೈವನ್ನು ಬಿಟ್ಟು ಹೋಗುತ್ತದೆ. ‘ಡಿಸೇಬಲ್ ರಿಮೂವಬಲ್ ಡ್ರೈವ್ ಸ್ಕ್ಯಾನಿಂಗ್’ ಎಂಬುದನ್ನು, ಮತ್ತದೇ ಬೇಡದ ಬೇಡ, ಫಾಲ್ಸ್ ಮಾಡಿದರೆ ಸೇರಿಸಿಕೊಳ್ಳುತ್ತದೆ. ಅದರಲ್ಲಿರುವ ಕಡತ ತೆರೆಯುವಾಗ ಕ್ಷಣಕ್ಷಣದ ರಕ್ಷಣೆ ನೋಡುತ್ತದೆ, ನಿಜ. ಆದರೂ ಅಂಗಡಿಯಿಂದ ಬಂದ ಪೆನ್‌ಡ್ರೈವ್ ಮೊದಲು ಲಿನಕ್ಸ್ ಯಂತ್ರಕ್ಕೆ, ಅಲ್ಲಿಂದ ಅಪ್ಪನ ಡೆಸ್ಕ್‌ಟಾಪಿಗೆ. ಇದಕ್ಕೆ ಯಾವ ಶೆಡ್ಯೂಲರನ್ನೂ ನಂಬಿಲ್ಲ. ಪೆನ್‌ಡ್ರೈವ್ ಅಂಗಡಿಯಿಂದ ಬರುವುದಕ್ಕೆ ವೇಳೆ ಗೊತ್ತಿಲ್ಲವಲ್ಲ.