ಮಲಗಿಸಿ ಎಂಆರ್‌ಐ, ನಿಲ್ಲಿಸಿ ಎಕ್ಸ್‌ರೇ: ನನ್ನ ಬೆನ್ನುಮಣಿ ಜಾರಿದ್ದು ಕಂಡದ್ದು ಎಲ್ಲಿ

ಏಳೂವರೆ ಸಾವಿರದ ಎಂಆರ್‌ಐನಲ್ಲಿ ಕಾಣದ್ದು ಆರುನೂರು ರೂಪಾಯಿಯ ಎಕ್ಸ್‌ರೇಯಲ್ಲಿ ಕಂಡಿತು. ನನ್ನ ಒಲವು ಯಾವ ಕಡೆಗೆ ಅಂತ ಮೊದಲೇ ಹೇಳಿಬಿಟ್ಟೆ.

ಮೋಡ ಕಟ್ಟಿತೆಂದು ಅಂಗಳದ ಅಡಿಕೆ ಅಟ್ಟ ಹತ್ತಿ ತಾಡಪಾಲು ಹೊದೆಸುವಾಗ ದಬ್ಬೆ ಮುರಿದು ಕುಂಡೆ ಊರಿ ಬಿದ್ದೆ. ಅವತ್ತಿನ ಎಕ್ಸ್‌ರೇ ಮಲಗಿಸಿಯೇ ತೆಗೆದದ್ದು, ಮುರಿತ ಇಲ್ಲ ಅಂದರು. ಹತ್ತು ದಿನ ಕಳೆದು ಎಂಆರ್‌ಐ. ಡಿಸ್ಕ್, ಅಂದರೆ ಮಣಿಗಳ ನಡುವಿನ ಮೆತ್ತೆ, ಸ್ವಲ್ಪ ಉಬ್ಬಿದೆ ಅಂತಷ್ಟೇ ವರದಿ.

ತೊಡಕು ಇದ್ದದ್ದೇ ಇಲ್ಲಿ. ಮಲಗಿದರೆ ನನಗೆ ನೋವೇ ಇರಲಿಲ್ಲ. ಎದ್ದು ನಿಂತು ಹತ್ತು ನಿಮಿಷವಾದರೆ ಸೊಂಟದೊಳಗೆ ಏನೋ ಮುಂದಕ್ಕೆ ಸರಿದಂತಾಗಿ ತೊಡೆಯವರೆಗೆ ಸೆಳೆತ. ಮೈಭಾರ ಇಳಿದಾಗ ಜಾರಿದ ಮಣಿ ತನ್ನ ಜಾಗಕ್ಕೆ ಹಿಂದೆ ಸರಿಯುವುದುಂಟಂತೆ. ನಾನು ಸುಖವಾಗಿದ್ದ ಭಂಗಿಯಲ್ಲೇ ಯಂತ್ರ ನನ್ನನ್ನು ನೋಡಿತ್ತು! ಆ ವರದಿ ನಂಬಿ ಒಂದೂವರೆ ತಿಂಗಳು ಡಿಸ್ಕಿನ ಮಾತ್ರೆ ನುಂಗಿದೆ. ಮೆಟ್ಟುಗತ್ತಿಯ ಮುಂದೆ ಕೂರಲಾಗದೆ ಸುಲಿಯುವ ಕೆಲಸವೆಲ್ಲ ಹೆಂಡತಿಯ ಮೇಲೆ ಬಿತ್ತು. ಆ ಬೇಸರ ಇನ್ನೂ ಹೋಗಿಲ್ಲ.

ಎರಡನೇ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ನಿಲ್ಲಿಸಿ ಎಕ್ಸ್‌ರೇ ತೆಗೆಸಿದೀರಾ?" ಪಕ್ಕದಿಂದ ಮೂರು ಫಿಲ್ಮ್: ನೆಟ್ಟಗೆ ನಿಂತು, ಮುಂದೆ ಬಾಗಿ, ಹಿಂದೆ ಬಾಗಿ. ಸೊಂಟದ ಐದನೇ ಮಣಿ ಕೆಳಗಿನ ತ್ರಿಕಾಸ್ಥಿಯ (ಬೆನ್ನುಮೂಳೆಯ ಬುಡದ ಮುಮ್ಮೂಲೆ ಎಲುಬು) ಮೇಲೆ 7 ಮಿಲಿಮೀಟರ್ ಮುಂದೆ ಬಂದಿತ್ತು. ಕೆಳಗಿನ ಎಲುಬಿನ ಅಗಲದ ಕಾಲುಭಾಗದೊಳಗೆ ಜಾರಿದರೆ ಒಂದನೇ ದರ್ಜೆ, ಅರ್ಧದವರೆಗೆ ಎರಡನೇದು. ಮೇಯರ್ಡಿಂಗ್ ಎಂಬ ಮೂಳೆ ಡಾಕ್ಟರು ಮಾಡಿದ ಈ ಲೆಕ್ಕವನ್ನೇ ಇಂದಿಗೂ ಬಳಸುತ್ತಾರೆ. ನನ್ನದು ಒಂದನೇ ದರ್ಜೆ.

ಆದರೆ ಬಿದ್ದ ಕೂಡಲೇ ಯಾರನ್ನೂ ನಿಲ್ಲಿಸಿ ಬಗ್ಗಿಸಬೇಡಿ. ದೊಡ್ಡ ಪೆಟ್ಟಾಗಿದ್ದರೆ ಅಲುಗಿಸದೆ ಮಲಗಿಸಿಯೇ ಸಿಟಿ ಸ್ಕ್ಯಾನ್ ಆಗಬೇಕು. ನಿಂತು ತೆಗೆಸುವುದು ಡಾಕ್ಟರು ಒಪ್ಪಿದ ಮೇಲೆ.

ಸಿಟಿ ನನಗೂ ಆಯಿತು. ಜಾರಿದ್ದು ಬಿದ್ದದ್ದರಿಂದಲೋ ಚಿಕ್ಕಂದಿನಿಂದಲೇ ಇದ್ದದ್ದೋ ಎಂಬುದು ಅದರಲ್ಲಿ ತಿಳಿಯುತ್ತದೆ. ಮಣಿ ಜಾರಲು ಬಿಡುವುದು ಅದರ ಹಿಂಬದಿಯ ಬಿರುಕು; ಹಳೆಯ ಬಿರುಕಿನ ಅಂಚು ಸವೆದು ನಯವಾಗಿ ಬೆಳ್ಳಗಿರುತ್ತದೆ, ಹೊಸದು ಒರಟು. ನನ್ನದು ಎರಡೂ ಬದಿ ಹೊಸದೇ.

ಎಂಆರ್‌ಐ ದಂಡ ಅನ್ನಲಾರೆ. ನರ ಎಷ್ಟು ಒತ್ತಿದೆ ಎಂದು ನೋಡಲು ಅದೇ ಬೇಕು. ಕಾಲಿನ ಬಲ ಕುಗ್ಗಿದರೆ, ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ ಬೆಳಗಾಗುವವರೆಗೂ ಕಾಯದೆ ದೊಡ್ಡ ಆಸ್ಪತ್ರೆಗೆ ಓಡಬೇಕು.

ಇನ್ನು ಬೆಲ್ಟ್. ಅಂಗಡಿಯ ಎಲಾಸ್ಟಿಕ್ ಬೆಲ್ಟ್ ಕೂತರೆ ಎದೆಗೆ ಏರುತ್ತಿತ್ತು. ಅಳತೆ ಕೊಟ್ಟು ಮಾಡಿಸಿದ ಗಟ್ಟಿ ಪ್ಲಾಸ್ಟಿಕ್ ಕವಚ ಐದು ಪಟ್ಟು ದುಬಾರಿ, ಬೆವರಿಗೆ ತುರಿಕೆ ಬೇರೆ. ಆದರೂ ಬಗ್ಗಲು ಬಿಡದ್ದು ಅದೊಂದೇ. ಕೆಲಸ ಕಂಡರೆ ಸುಮ್ಮನಿರಲಾಗದ ನನ್ನಂಥವರಿಗೆ ಅದೇ ಸರಿ.

ಆಪರೇಷನ್ ಎಂದರೆ ಸ್ಕ್ರೂ, ರಾಡ್ ಹಾಕಿ ಎರಡು ಮಣಿ ಬೆಸೆಯುವುದು. ಮಣಿಗಳ ಕೀಲೇ ಮುರಿದು ಸರಿದವರಿಗೆ ಸಾಮಾನ್ಯವಾಗಿ ಅದೇ ದಾರಿ. ನನಗೆ, ಜಾರಿಕೆ ಹೆಚ್ಚಿದರೆ ಮಾತ್ರ ಎಂದರು. ನಾಲ್ಕು ತಿಂಗಳ ಮೇಲೆ ಮತ್ತೆ ನಿಂತು ಫಿಲ್ಮ್ ತೆಗೆಸಿದೆ. 7 ಮಿಲಿಮೀಟರೇ. ಕವಚ ಬಿಚ್ಚಿಟ್ಟು ಅಂಗಳದಲ್ಲಿ ನಡೆಯುತ್ತಿದ್ದೇನೆ. ಅಟ್ಟ ಮಗ ಹತ್ತುತ್ತಾನೆ.